ಸರ್ವರ್ ಕಾಯುವ ನಮ್ಮ ಕಡೆಯವರಿಗೆ

ಬೆಂಗಳೂರು, ಹೈದರಾಬಾದು, ಪುಣೆಗಳಲ್ಲಿ ಸರ್ವರ್, ನೆಟ್‌ವರ್ಕ್, ಕ್ಲೌಡ್ ಕೆಲಸ ಮಾಡಿಕೊಂಡಿರುವ ಅರಕೇರಾ, ದೇವದುರ್ಗ, ಸಿರವಾರ, ಮಾನ್ವಿ, ರಾಯಚೂರು ಕಡೆಯ ಅಣ್ಣಂದಿರಿಗೆ, ಅಕ್ಕಂದಿರಿಗೆ, ತಮ್ಮ ತಂಗಿಯರಿಗೆ,



ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಮುಂದಿನ ಸಲ ಯುಗಾದಿಗೋ ಅಲಾಯಿ ಹಬ್ಬಕ್ಕೋ ಊರಿಗೆ ಹೊರಟಾಗ, ನಿಮ್ಮ ರೂಮಿನ ಕಪಾಟಿನಲ್ಲಿ ಬಟ್ಟೆಗಳ ಕೆಳಗೆ ಬಿದ್ದಿರುವ ಹಳೆಯ ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿಕೊಳ್ಳಿ. ಪರದೆ ಬಿರುಕು ಬಿಟ್ಟಿದ್ದರೂ ನಡೆಯುತ್ತದೆ, ಕೀಬೋರ್ಡಿನ ನಾಲ್ಕು ಗುಂಡಿ ಹೋಗಿದ್ದರೂ ನಡೆಯುತ್ತದೆ. ಅದನ್ನು ನಿಮ್ಮೂರಿನ ಶಾಲೆಯಲ್ಲೋ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲೋ ಸಣ್ಣದೊಂದು ಸರ್ವರ್ ಮಾಡಿ ನಿಲ್ಲಿಸಿ. ಅದರ ರೂಟ್ ಪಾಸ್‌ವರ್ಡನ್ನು ಊರ ಹುಡುಗ ಹುಡುಗಿಯರ ಕೈಗೆ ಕೊಟ್ಟು ಬನ್ನಿ. ಈ ಪತ್ರ ಬರೆಯುತ್ತಿರುವುದು ಇದಕ್ಕಾಗಿ.

ನಾನು ಅರಕೇರಾದವನು. ಬೆಂಗಳೂರಿನಲ್ಲಿ ಯಾರಾದರೂ ಊರು ಕೇಳಿದರೆ ರಾಯಚೂರು ಎಂದು ಹೇಳಿ ಸುಮ್ಮನಾಗುತ್ತೇವಲ್ಲ, ನಿಮಗೆ ಹಾಗೆ ಹೇಳಬೇಕಾಗಿಲ್ಲ. ದೇವದುರ್ಗದಿಂದ ಸಿರವಾರದ ಕಡೆ ಹೋಗುವ ಬಸ್ಸಿನಲ್ಲಿ ಕೂತವರಿಗೆಲ್ಲ ಅರಕೇರಾ ಗೊತ್ತು. ಹಗಲು ಕಂಪನಿಯೊಂದರ ಸರ್ವರ್‌ಗಳನ್ನು ನೋಡಿಕೊಳ್ಳುತ್ತೇನೆ. ರಾತ್ರಿ ರೂಮಿನ ಮೂಲೆಯಲ್ಲಿಟ್ಟ ನನ್ನದೇ ಯಂತ್ರಗಳನ್ನು ಬಿಚ್ಚಿ, ಜೋಡಿಸಿ, ಹೊಸದನ್ನೇನಾದರೂ ಹಾಕಿ ನೋಡುತ್ತೇನೆ. ಊರ ಮನೆಯ ಪಡಸಾಲೆಯಲ್ಲೂ ಒಂದು ಹಳೆಯ ಲ್ಯಾಪ್‌ಟಾಪು ಹಗಲು ರಾತ್ರಿ ಓಡುತ್ತಿರುತ್ತದೆ. ಮುಂದೆ ಹೇಳುವುದರಲ್ಲಿ ಬಹುಪಾಲು ಅದರಿಂದ ಕಲಿತದ್ದು.

ನಮ್ಮ ಹಳ್ಳಿಗಳಲ್ಲಿ ಸರ್ವರನ್ನು ಕಣ್ಣಾರೆ ಕಂಡವರಿಲ್ಲ. ಅದು ಕೈಕೊಟ್ಟದ್ದನ್ನು ಕಾಣದವರೂ ಇಲ್ಲ. ರೇಷನ್ ಅಂಗಡಿಯ ಮುಂದೆ ಬೆಳಿಗ್ಗೆಯಿಂದ ಚೀಲ ಹಿಡಿದು ನಿಂತ ಮುದುಕಿ ಬೆರಳು ಒತ್ತುತ್ತಾಳೆ. ಯಂತ್ರದಲ್ಲಿ ಚಕ್ರ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ. "ಸರ್ವರ್ ಬಂದಿಲ್ಲಬೇ ಯಮ್ಮಾ, ನಾಳಿ ಬಾ." ನಾಳೆ ಬರುವುದೆಂದರೆ ಹತ್ತಿ ಬಿಡಿಸಲು ಹೋಗುವ ಇನ್ನೊಂದು ದಿನದ ಕೂಲಿ ಹೋದಂತೆ. ಅಂಗಡಿಯವನ ಮೇಲೆ ಆಕೆಗೆ ಸಿಟ್ಟಿಲ್ಲ, ಅವನ ಕೈಯಲ್ಲೂ ಏನೂ ಇಲ್ಲ. ದೂರದಲ್ಲೆಲ್ಲೋ ಇರುವ, ಯಾರೂ ನೋಡದ, ಯಾರನ್ನೂ ಕೇಳಲಾಗದ ಒಂದು ವಸ್ತು ಇವತ್ತು ಬರಲಿಲ್ಲ, ಅಷ್ಟೇ ಅವರಿಬ್ಬರಿಗೂ ಗೊತ್ತು. ಮಳೆ ಬಾರದಿದ್ದುದನ್ನು ಹೇಳುವ ದನಿಯಲ್ಲೇ ನಮ್ಮವರು ಇದನ್ನೂ ಹೇಳುತ್ತಾರೆ. ಆ ದನಿ ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮಳೆಯನ್ನು ರಿಪೇರಿ ಮಾಡಲು ನಮ್ಮಲ್ಲಿ ಯಾರಿಗೂ ಬರುವುದಿಲ್ಲ. ಸರ್ವರ್ ರಿಪೇರಿ ಮಾಡುವವರು ಮಾತ್ರ ನಮ್ಮ ಊರುಗಳಿಂದಲೇ ಹೋದವರು ಎಷ್ಟೊಂದು ಜನ ಇದ್ದೇವೆ.

ಭೂಮಿ ಯೋಜನೆಯ ಮೊದಲ ದಿನಗಳು ನೆನಪಿರುವವರು ನಿಮ್ಮಲ್ಲಿ ಕೆಲವರಾದರೂ ಇರಬಹುದು. 2000ದ ಆಚೀಚೆ ರಾಜ್ಯದ 177 ತಾಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹತ್ತಿದವು. 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಪಹಣಿ ಕೈಗೆ ಬರುತ್ತಿತ್ತು. ಆಗ ಆಯಾ ತಾಲೂಕಿನ ದಾಖಲೆ ಆಯಾ ತಾಲೂಕು ಕಚೇರಿಯ ಯಂತ್ರದಲ್ಲೇ ಇರುತ್ತಿತ್ತು. ಎಲ್ಲವೂ ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಹೋದದ್ದು ಆಮೇಲೆ. ಹೋದದ್ದಕ್ಕೆ ಕಾರಣಗಳಿವೆ, ಅವು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಾಲೂಕಿಗೊಂದು ಡೇಟಾಬೇಸ್ ಇಟ್ಟು ಪ್ರತಿಯೊಂದಕ್ಕೂ ಬ್ಯಾಕಪ್, ಎಸಿ, ತಿಳಿದ ಮನುಷ್ಯ ಎಂದು ಹೊಂದಿಸುವುದು ಸಣ್ಣ ಕೆಲಸವಲ್ಲ. ಅದೆಲ್ಲ ಹಿಂದಕ್ಕೆ ಬರಲಿ ಎಂದು ನಾನು ಹೇಳುತ್ತಿಲ್ಲ. ಸರ್ಕಾರದ ಸರ್ವರ್ ಸರ್ಕಾರದ ಹತ್ತಿರ ಇರಲಿ. ಅದರ ಜೊತೆಗೆ ಊರಿಗೆ ತನ್ನದೇ ಎನ್ನುವ ಯಂತ್ರ ಒಂದಾದರೂ ಇರಲಿ, ಮುಟ್ಟಿ ನೋಡಲು, ಬಿಚ್ಚಿ ನೋಡಲು.

ಅಂಥ ಯಂತ್ರಕ್ಕೆ ಬೇಕಾದ ಪಾಠ ಊರ ದಾರಿಯಲ್ಲೇ ಇದೆ. ಬೆಂಗಳೂರಿನಲ್ಲಿರುವ ನೀವೂ ನನ್ನ ಹಾಗೆ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹೋಗಿ ಬರುವವರೇ. ಬರ್ತ್ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತವರಿಗೆ ಆ ದಾರಿಯ ನೆಟ್‌ವರ್ಕ್ ನಕ್ಷೆ ಬಾಯಿಪಾಠ ಆಗಿರುತ್ತದೆ. ಯಲಹಂಕ ದಾಟುವವರೆಗೆ ಸಿಗ್ನಲ್ ಗಟ್ಟಿ. ಹಿಂದೂಪುರದ ಹೊತ್ತಿಗೆ ಆಂಧ್ರದ ಟವರುಗಳು ಶುರು, ಐಪಿ ವಿಳಾಸ ಬದಲಾಗಿ ಎಸ್‌ಎಸ್‌ಎಚ್ ಅಲ್ಲಾಡದೆ ನಿಂತುಬಿಡುತ್ತದೆ. ಧರ್ಮಾವರಂ, ಅನಂತಪುರ, ಗುಂತಕಲ್ಲು ನಡುವಿನ ಬಯಲಲ್ಲಿ ಅದೂ ಇಲ್ಲ. 2012ರಲ್ಲಿ ಎಂಐಟಿಯಿಂದ ಬಂದ ಮಾಷ್ ಎಂಬ ತಂತ್ರಾಂಶ ಈ ದಾರಿಯಲ್ಲಿ ನನಗೆ ಬಹಳ ಉಪಕಾರ ಮಾಡಿದೆ. ಅದು ಯುಡಿಪಿಯಲ್ಲಿ ಮಾತಾಡುತ್ತದೆ. ವಿಳಾಸ ಬದಲಾದರೂ, ಗಂಟೆಗಟ್ಟಲೆ ಸಂಪರ್ಕ ಹೋಗಿ ಬಂದರೂ ಬಿಟ್ಟ ಸಾಲಿನಿಂದಲೇ ಮತ್ತೆ ಶುರುಮಾಡುತ್ತದೆ. ಆ ಕಡೆ ಟಿಮಕ್ಸ್ ಓಡುತ್ತಿದ್ದರೆ ಅರ್ಧಕ್ಕೆ ನಿಂತ ಕೆಲಸ ಅರ್ಧದಲ್ಲೇ ಕಾದಿರುತ್ತದೆ. ಹರಿದು ಹೋಗುವ ಸಂಪರ್ಕದಲ್ಲಿ ಕೆಲಸ ಮಾಡುವುದು ಹೇಗೆಂದು ನಾನು ಕಲಿತದ್ದು ಈ ರೈಲಿನಲ್ಲಿ. ಊರಿಗೆ ಸರ್ವರ್ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ನಮ್ಮ ಊರುಗಳಲ್ಲಿ ಸಂಪರ್ಕ ಯಾವಾಗಲೂ ಇರುತ್ತದೆ ಎಂದುಕೊಂಡು ಏನನ್ನೂ ಕಟ್ಟಬಾರದು.

ಬೆಳಗಿನ ಜಾವ ಮಂತ್ರಾಲಯಂ ರೋಡ್ ಕಳೆದು ಗಾಡಿ ತುಂಗಭದ್ರೆಯನ್ನು ದಾಟಿತೆಂದರೆ ನಮ್ಮ ದೋಆಬ್, ಎರಡು ನದಿಗಳ ನಡುವಿನ ನೆಲ. ರಾಯಚೂರು ನಿಲ್ದಾಣದಲ್ಲಿ ಇಳಿದಾಗಲೆಲ್ಲ ನನಗೆ 1871 ನೆನಪಾಗುತ್ತದೆ. ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯೂ ಮದ್ರಾಸಿನಿಂದ ಬಂದ ಮದ್ರಾಸ್ ರೈಲ್ವೆಯ ಹಳಿಯೂ ಆ ವರ್ಷ ಕೂಡಿದ್ದು ಇಲ್ಲೇ, ರಾಯಚೂರಿನಲ್ಲಿ. ಇನ್ನೊಂದು ಕೂಡುವಿಕೆ ನಮ್ಮ ಕಾಲದ್ದು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಲೈನು ಚಾಲೂ ಆಯಿತು. ಅಲ್ಲಿಯವರೆಗೆ ಬೇರೆಯದೇ ತಾಳದಲ್ಲಿ ಮಿಡಿಯುತ್ತಿದ್ದ ದಕ್ಷಿಣದ ವಿದ್ಯುತ್ ಜಾಲ ಆ ರಾತ್ರಿಯಿಂದ ದೇಶದ ಉಳಿದ ಜಾಲದ 50 ಹರ್ಟ್ಸ್ ಜೊತೆ ಹೆಜ್ಜೆ ಹಾಕಿತು. ದೇಶವೆಲ್ಲ ಒಂದೇ ಗ್ರಿಡ್ ಆದದ್ದು ನಮ್ಮ ಜಿಲ್ಲೆಯ ಹೊಸ್ತಿಲಲ್ಲಿ. ಶಕ್ತಿನಗರದ ಎಂಟು ಘಟಕಗಳು ಸೇರಿ 1720 ಮೆಗಾವಾಟ್, ಯರಮರಸ್‌ನಲ್ಲಿ 800ರ ಎರಡು ಘಟಕ. ಬೆಂಗಳೂರಿನ ಎಷ್ಟೋ ದತ್ತಾಂಶ ಕೇಂದ್ರಗಳ ಫ್ಯಾನು ತಿರುಗುವುದರಲ್ಲಿ ನಮ್ಮ ಕೃಷ್ಣೆಯ ನೀರೂ ನಮ್ಮ ಗಾಳಿ ಸೇರುವ ಹೊಗೆಯೂ ಇದೆ.

ರಾಯಚೂರಿನಿಂದ ಮುಂದೆ ಕಲ್ಮಲಾ, ಗಬ್ಬೂರು, ದೇವದುರ್ಗ. ಬಸ್ಸಿನಲ್ಲಿ ಕೂತವರಿಗೆ ಆ ಹೈಟೆನ್ಷನ್ ತಂತಿಗಳು ಹೊಲದ ಮೇಲೆ ಹಾದುಹೋಗುವುದು ಕಾಣುತ್ತದೆ. ಹಳಿ ಹಾದುಹೋಗಿದೆ, ತಂತಿ ಹಾದುಹೋಗಿದೆ. ಇದನ್ನು ದೂರಾಗಿ ಹೇಳುತ್ತಿಲ್ಲ. ದೊಡ್ಡ ಜಾಲಗಳು ನಮ್ಮ ನೆಲದಲ್ಲೇ ಕೂಡಿವೆ ಎಂದಮೇಲೆ ಜಾಲದ ಕೆಲಸ ನಮ್ಮ ಮಕ್ಕಳಿಗೆ ಪರಕೀಯ ಎನ್ನಿಸಬಾರದು ಎನ್ನುವ ಹಟದಿಂದ ಹೇಳುತ್ತಿದ್ದೇನೆ.

ನಗರದಲ್ಲಿ ನನಗೆ ಬಹಳ ನಾಟುವುದು ಬೇರೆಯೇ ಒಂದು ನೋಟ. ನೀವೂ ಕಂಡಿರುತ್ತೀರಿ. ವೈಟ್‌ಫೀಲ್ಡ್ ಕಡೆಯೋ ಹೊರವರ್ತುಲ ರಸ್ತೆಯಲ್ಲೋ ಫೈಬರ್ ಕೇಬಲ್ ಇಳಿಸಲು ಗುಂಡಿ ತೋಡುತ್ತಿರುತ್ತಾರೆ. ಕಿತ್ತಳೆ ಬಣ್ಣದ ಪೈಪಿನ ಸುರುಳಿ, ಗುದ್ದಲಿ, ಪಕ್ಕದಲ್ಲೇ ಸೀರೆಯ ಜೋಳಿಗೆಯಲ್ಲಿ ಮಲಗಿದ ಕೂಸು. ಹತ್ತಿರ ಹೋಗಿ "ಯಾವೂರ್ರೀ ನಿಮ್ದು?" ಎಂದರೆ "ದೇವದುರ್ಗ ಕಡಿ ಅದೀವ್ರಿ" ಎನ್ನುತ್ತಾರೆ. ಹಿಂಗಾರು ಕೈಕೊಟ್ಟ ವರ್ಷ ಊರಿಗೆ ಊರೇ ಗುಳೆ ಹೋಗುವುದನ್ನು ನೋಡುತ್ತಾ ಬೆಳೆದವರು ನಾವು. ಅದೇ ಕೇಬಲಿನ ಈ ತುದಿಯಲ್ಲಿ ಅವರು, ಆ ತುದಿಯಲ್ಲಿ ಸ್ವಿಚ್‌ಗೆ ಕಾನ್ಫಿಗರೇಷನ್ ಬರೆಯುವ ನೀವು, ನಾನು. ಒಂದೇ ಊರಿನವರು ಒಂದೇ ತಂತಿಯ ಎರಡು ತುದಿಗೆ ದುಡಿಯುತ್ತಿದ್ದೇವೆ. ಅವರ ಮಕ್ಕಳು ಊರಲ್ಲಿ ಅಜ್ಜಿಯ ಹತ್ತಿರ ಇದ್ದಾರೆ. ನಾನು ಈ ಪತ್ರ ಬರೆಯುವಾಗ ಮನಸ್ಸಿನಲ್ಲಿ ಇರುವುದು ಆ ಮಕ್ಕಳು.

ಅವರ ಕೈಯಲ್ಲಿ ಫೋನಿದೆಯಲ್ಲ, 4ಜಿ ಇದೆಯಲ್ಲ, ಇನ್ನು ಹಳೆಯ ಲ್ಯಾಪ್‌ಟಾಪ್ ಯಾಕೆ ಎಂದು ನಮ್ಮವರೇ ಕೇಳುತ್ತಾರೆ. ಫೋನ್ ಒಳ್ಳೆಯ ಯಂತ್ರವೇ. ಆದರೆ ಅದನ್ನು ಬಿಚ್ಚಲು ಬಿಡುವುದಿಲ್ಲ. ಅದರ ಬಾಗಿಲುಗಳ ಕೀಲಿ ಬೇರೆಯವರ ಹತ್ತಿರ ಇದೆ. ಹುಡುಗಿಯರ ವಿಷಯದಲ್ಲಂತೂ ಅದು ಅಣ್ಣನ ಫೋನೋ ಅಪ್ಪನ ಫೋನೋ ಆಗಿರುತ್ತದೆ, ಕೈಗೆ ಸಿಗುವುದು ಅವರು ಮನೆಗೆ ಬಂದ ಮೇಲೆ. ಶಾಲೆಯ ಕಂಪ್ಯೂಟರ್ ಲ್ಯಾಬಿಗೆ ಬೀಗ ಇರುತ್ತದೆ, ಕೆಟ್ಟರೆ ಯಾರು ಜವಾಬ್ದಾರಿ ಎಂಬ ಭಯಕ್ಕೆ. ನಾವೆಲ್ಲ ಈ ಕೆಲಸ ಕಲಿತದ್ದು ಹೇಗೆ ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ಯಾರದೋ ಯಂತ್ರದಲ್ಲಿ ಯಾವುದೋ ಪಾರ್ಟಿಷನ್ ಅಳಿಸಿ, ಬೂಟ್ ಆಗದೆ ಬೆವತು, ಮತ್ತೆ ಹಾಕಿ. ಕೆಡಿಸಲು ಅನುಮತಿ ಇರುವ ಯಂತ್ರ ಒಂದು ಇಲ್ಲದೆ ಸಿಸ್ಟಮ್ ಅಡ್ಮಿನ್ ಆದವರನ್ನು ನಾನಂತೂ ನೋಡಿಲ್ಲ.

ಆದ್ದರಿಂದ ಸಾಧ್ಯವಾದರೆ ಎರಡು ಯಂತ್ರ ತನ್ನಿ, ಇಬ್ಬರು ಸೇರಿಯಾದರೂ. ಒಂದು ಊರ ಸಾಮಾನು ಕಾಯಲಿ. ಇನ್ನೊಂದು ಕೆಡಿಸುವುದಕ್ಕೇ ಇರಲಿ. ಕೆಡಿಸುವ ಯಂತ್ರದ ಪಕ್ಕದಲ್ಲಿ ಡೆಬಿಯನ್ ಇನ್‌ಸ್ಟಾಲರ್ ಇರುವ ಪೆನ್‌ಡ್ರೈವನ್ನು ದಾರ ಕಟ್ಟಿ ನೇತುಹಾಕಿ. ಅರ್ಧ ಗಂಟೆಯಲ್ಲಿ ಮತ್ತೆ ಎದ್ದು ಕೂರುತ್ತದೆ ಎಂದು ಗೊತ್ತಾದ ದಿನ ಮಕ್ಕಳ ಭಯ ಹೋಗುತ್ತದೆ. ನಾನು ಅದನ್ನು ಅರಕೇರಾದಲ್ಲಿ ನೋಡಿದ್ದೇನೆ. ಪರದೆಯಲ್ಲಿ ಬಿಳಿ ಅಕ್ಷರ ಸುರಿಯುವಾಗ ಮೊದಲು ಹಿಂದೆ ಸರಿಯುತ್ತಿದ್ದ ಹುಡುಗಿ ಆಮೇಲೆ ತಾನೇ ಓದಿ, ಯಾವ ಸಾಲಿನಲ್ಲಿ ತಪ್ಪು ಬಂದಿದೆ ಎಂದು ಬೆರಳಿಟ್ಟು ತೋರಿಸುತ್ತಾಳೆ.

ಇಂಥ ಕೆಲಸ ಹೊಸದೇನೂ ಅಲ್ಲ. ಬೆಂಗಳೂರಿನ ಸುದರ್ಶನ ಲೇಔಟ್ ಕೊಳೆಗೇರಿಯಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದ ಗೆಳೆಯರು ಹಳೆಯ ಕಂಪ್ಯೂಟರುಗಳನ್ನು ಕೂಡಿಹಾಕಿ ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್ ನಡೆಸಿದರು. ಐಟಿ ಕಂಪನಿಗಳ ನೌಕರರು ರಜೆಯ ದಿನ ಹೋಗಿ ಕಲಿಸಿದರು. ಅಲ್ಲಿಯ ಮಕ್ಕಳು ಗಿಂಪ್‌ನಲ್ಲಿ ಬರೆದ ಚಿತ್ರಗಳು ಸುದ್ದಿಯಾದವು. ತುಮಕೂರು ಹತ್ತಿರದ ದೇವರಾಯನದುರ್ಗದ ಸುತ್ತ ಜನಸ್ತು ಸಂಸ್ಥೆಯವರು ಊರವರ ಜೊತೆ ಸೇರಿ ಗುಡ್ಡದ ಹಳ್ಳಿಗಳಿಗೆ ಸಮುದಾಯದ್ದೇ ವೈಫೈ ಜಾಲ ಕಟ್ಟಿದರು. ಊರವರ ದನಿ, ಕಥೆಗಳು ಮೊದಲು ಓಡಾಡುವುದು ಆ ಜಾಲದ ಒಳಗೇ. ಸ್ಪೇನ್ ದೇಶದ ಕ್ಯಾಟಲೋನಿಯಾದಲ್ಲಿ ರೈತರು, ಸಣ್ಣ ಊರಿನವರು 2004ರಿಂದ ಗುಯ್‌ಫಿ ಎಂಬ ತಮ್ಮದೇ ಜಾಲ ಕಟ್ಟುತ್ತಾ ಬಂದಿದ್ದಾರೆ. ಗುಡ್ಡದ ತುದಿಗೆ ಆಂಟೆನಾ ಹೊತ್ತವರೆಲ್ಲ ಎಂಜಿನಿಯರರೇ ಆಗಿರಲಿಲ್ಲ. ಅವರಿಗೆ ಸಾಧ್ಯವಾದದ್ದು, 2019ರಲ್ಲಿ ಶುರುವಾದ ಐಐಐಟಿ ಜಿಲ್ಲೆಯಲ್ಲೇ ಇರುವ ನಮಗೆ ಯಾಕೆ ಆಗಬಾರದು? ಆ ಸಂಸ್ಥೆ ಮೊದಲು ಹೈದರಾಬಾದಿನ ಐಐಟಿಯ ಆಸರೆಯಲ್ಲಿ ನಡೆದು ಆಮೇಲೆ ರಾಯಚೂರಿಗೆ ಬಂತು. ಅಲ್ಲಿ ಓದುತ್ತಿರುವ ತಮ್ಮ ತಂಗಿಯರಿಗೂ ಈ ಪತ್ರ ತಲುಪಲಿ. ನಿಮ್ಮ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ಒಂದು ಬಸ್ಸಿನ ದೂರದಲ್ಲಿ ಸಿಗುತ್ತದೆ.

ಸರ್ವರ್‌ನಲ್ಲಿ ಏನಿಡಬೇಕು ಎಂಬುದು ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ.

ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾದದ್ದು. ಕಿವಿಕ್ಸ್ ಎಂಬ ತಂತ್ರಾಂಶ ಅದನ್ನು ಒಂದೇ ಕಡತವಾಗಿ ಕೊಡುತ್ತದೆ, ಪೆನ್‌ಡ್ರೈವ್‌ನಲ್ಲಿ ಹಿಡಿಯುವಷ್ಟು. ಇಂಟರ್‌ನೆಟ್ ಇಲ್ಲದಿದ್ದರೂ ಶಾಲೆಯ ಅಂಗಳದಲ್ಲಿ ಯಾವ ಫೋನಿನಿಂದ ಬೇಕಾದರೂ ವೈಫೈ ಹಿಡಿದು ಓದಬಹುದು. ಸಂಚಯ ತಂಡದವರು 20,000ಕ್ಕೂ ಹೆಚ್ಚು ವಚನಗಳನ್ನು ಹುಡುಕಿ ಓದುವ ಹಾಗೆ ಮಾಡಿಟ್ಟ ವಚನ ಸಂಚಯ ನಮಗೆ ಮಾದರಿಯಾಗಿ ಕಣ್ಣ ಮುಂದಿದೆ. ಅದೇ ಬಗೆಯಲ್ಲಿ ನಮ್ಮ ನೆಲದ ದಾಸರನ್ನು ಯಾಕೆ ಮಾಡಬಾರದು? ವಿಜಯದಾಸರು ಮಾನ್ವಿ ತಾಲೂಕಿನ ಚೀಕಲಪರವಿಯವರು. ಗೋಪಾಲದಾಸರು ನಮ್ಮ ದೇವದುರ್ಗ ತಾಲೂಕಿನ ಮೊಸರಕಲ್ಲಿನವರು. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು ಮಾನ್ವಿಯವರು. ಇವರೆಲ್ಲ ಹದಿನೇಳು, ಹದಿನೆಂಟನೆಯ ಶತಮಾನದಲ್ಲಿ ಹುಟ್ಟಿದವರು. ಅವರ ಪದಗಳ ಮೇಲೆ ಯಾರ ಹಕ್ಕುಸ್ವಾಮ್ಯವೂ ಇಲ್ಲ. ಈಗಿನ ಸಂಪಾದಕರ ಟಿಪ್ಪಣಿ, ಮುನ್ನುಡಿಗಳನ್ನು ಮಾತ್ರ ಕೇಳದೆ ಹಾಕಬಾರದು.

ಜಾಗದ ಚಿಂತೆ ಬೇಡ. ಯುನಿಕೋಡ್ ಕನ್ನಡಕ್ಕೆ 128 ಸ್ಥಾನ ಕೊಟ್ಟಿದೆ. ಯುಟಿಎಫ್-8ರಲ್ಲಿ ಒಂದೊಂದು ಸಂಕೇತಕ್ಕೆ ಮೂರು ಬೈಟ್. ಅರಕೇರಾ ಎಂದು ಬರೆದರೆ 18 ಬೈಟ್ ಆಯಿತು. ಹರಿಕಥಾಮೃತಸಾರ ಇಡಿಯಾಗಿ ಒಂದು ಫೋನ್ ಫೋಟೊಗಿಂತ ಕಡಿಮೆ ಜಾಗ ಹಿಡಿಯುತ್ತದೆ. ತೊಂದರೆ ಇರುವುದು ಹಳೆಯ ಕಡತಗಳಲ್ಲಿ. ಶಾಲೆಗಳಲ್ಲಿ, ಪಂಚಾಯಿತಿಗಳಲ್ಲಿ, ಊರ ಮಠಗಳಲ್ಲಿ ಇರುವುದೆಲ್ಲ ಹಳೆಯ ನುಡಿ, ಬರಹ ಕಾಲದ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದು. ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳಾಗಿ ಕಾಣುತ್ತವೆ, ಹುಡುಕಿದರೆ ಸಿಗುವುದಿಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಿಂದ ಹಿಡಿದು ಎಷ್ಟು ಜನ ಸೇರಿ ಕನ್ನಡವನ್ನು ಕಂಪ್ಯೂಟರಿಗೆ ತಂದರು. ಆ ದುಡಿಮೆಯ ಫಲ ನಮ್ಮೂರ ಕಡತಗಳಿಗೂ ಸಿಗಬೇಕಾದರೆ ಯಾರಾದರೂ ಕೂತು ಯುನಿಕೋಡಿಗೆ ಬದಲಿಸಬೇಕು. ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಒತ್ತಕ್ಷರ, ರೇಫಗಳಲ್ಲಿ ಅವು ಎಡವುವುದನ್ನು ತಿದ್ದಲು ಕನ್ನಡ ಚೆನ್ನಾಗಿ ಬಲ್ಲ ಮಕ್ಕಳೇ ಬೇಕು. ಹೈಸ್ಕೂಲಿನ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಮೊದಲ ಕೆಲಸ ನನಗೆ ತೋಚುವುದಿಲ್ಲ.

ಇನ್ನು ನಮ್ಮ ಕಡೆಯ ಹಾಡುಗಳು. ಮೊಹರಂ ತಿಂಗಳಲ್ಲಿ ಅಲಾಯಿ ಕುಣಿಯ ಸುತ್ತ ಹಾಡುವ ರಿವಾಯತ್ ಪದ, ಹಂತಿ ಪದ, ತತ್ವಪದ, ಬೀಸುವ ಪದ. ಹಿಂದೂ ಮುಸ್ಲಿಂ ಕೂಡಿ ಹೆಜ್ಜೆ ಹಾಕುವ ಆ ರಾತ್ರಿಗಳನ್ನು ಈಗ ಎಲ್ಲರೂ ಫೋನಿನಲ್ಲಿ ಹಿಡಿಯುತ್ತಾರೆ. ಫೋನಿನಿಂದ ಫೋನಿಗೆ ಹೋಗುವಾಗ ವಿಡಿಯೊ ಕುಗ್ಗಿ, ದನಿ ಒಡೆದು, ಮೂರನೆಯವರ ಹತ್ತಿರ ತಲುಪುವಷ್ಟರಲ್ಲಿ ಹಾಡುವವರ ಮುಖವೂ ಕಾಣುವುದಿಲ್ಲ. ಮೂಲ ಹಿಡಿದವನ ಫೋನ್ ಕಾಲುವೆಗೆ ಬಿತ್ತೆಂದರೆ ಅಲ್ಲಿಗೆ ಮುಗಿಯಿತು. ಬೀಸುವ ಪದ ಬಲ್ಲ ಅಜ್ಜಿಯರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರ ದನಿ ಮೂಲದ ಗುಣಮಟ್ಟದಲ್ಲೇ, ಯಾರು ಹಾಡಿದ್ದು, ಯಾವ ಊರು, ಯಾವ ದಿನ ಎಂಬ ವಿವರ ಸಮೇತ ಊರ ಸರ್ವರಿನಲ್ಲಿ ಇರಲಿ. ಒಂದು ಮಾತು ಮಾತ್ರ ಕಟ್ಟುನಿಟ್ಟಾಗಿ ಪಾಲಿಸಿ. ಹಾಡಿದವರನ್ನು ಕೇಳದೆ ಊರ ಹೊರಗೆ ಕಳಿಸಬೇಡಿ. ಕೆಲವು ಪದ ಹೆಂಗಸರು ಹೆಂಗಸರ ನಡುವೆ ಮಾತ್ರ ಹಾಡುವಂಥವು. ಸರ್ವರ್ ನಮ್ಮದೇ ಆಗಿದ್ದರೆ ಯಾರಿಗೆ ಯಾವುದು ಕೇಳಿಸಬೇಕು ಎಂಬ ತೀರ್ಮಾನವೂ ಹಾಡಿದವರದ್ದೇ ಆಗಿರುತ್ತದೆ. ಊರಿಗೆ ಸ್ವಂತ ಸರ್ವರ್ ಬೇಕು ಎನ್ನಲು ನನಗೆ ಇದೊಂದೇ ಕಾರಣ ಸಾಕು.

ಬ್ಯಾಕಪ್ ವಿಷಯ ನಿಮಗೆ ಹೇಳಬೇಕಾಗಿಲ್ಲ, ಊರವರಿಗೆ ಹೇಗೆ ಹೇಳುವುದು ಎಂಬುದನ್ನು ಹೇಳುತ್ತೇನೆ. ನಮ್ಮ ಹಿರಿಯರು ಮನೆಯ ಚೀಲದಲ್ಲಿ ತಿನ್ನುವ ಜೋಳ ಇಟ್ಟು, ಉಳಿದದ್ದನ್ನು ಹಗೇವಿನಲ್ಲಿ ಮುಚ್ಚಿ ಇಡುತ್ತಿದ್ದರಲ್ಲ, ಹಾಗೆ ಎಂದರೆ ಯಾರಿಗಾದರೂ ತಿಳಿಯುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ಅರಕೇರಾದ್ದು ಮಾನ್ವಿಯಲ್ಲಿ, ಮಾನ್ವಿಯದ್ದು ಅರಕೇರಾದಲ್ಲಿ ಇದ್ದರೆ ಯಾವ ಕ್ಲೌಡಿಗೂ ತಿಂಗಳ ಬಾಡಿಗೆ ಕಟ್ಟಬೇಕಾಗಿಲ್ಲ.

ಕರೆಂಟು, ಬಿಸಿಲು, ಧೂಳು. ಈ ಮೂರನ್ನು ಗೆದ್ದರೆ ಯಂತ್ರ ಬದುಕಿತು. ಲ್ಯಾಪ್‌ಟಾಪ್ ಕೇಳುತ್ತಿರುವುದೇ ಅದಕ್ಕಾಗಿ, ಅದರೊಳಗೇ ಬ್ಯಾಟರಿ ಇದೆ. ಪರದೆ ಆರಿಸಿಟ್ಟರೆ ಸುಮಾರು 15 ವಾಟ್ ಎಳೆಯುತ್ತದೆ. ದಿನವಿಡೀ ಓಡಿದರೂ 0.36 ಯೂನಿಟ್, ತಿಂಗಳಿಗೆ ಸುಮಾರು ಹನ್ನೊಂದು ಯೂನಿಟ್. ಸದಾ ಚಾರ್ಜಿನಲ್ಲೇ ಇದ್ದರೆ ಬ್ಯಾಟರಿ ಉಬ್ಬಬಹುದು, ಆದ್ದರಿಂದ ಶೇಕಡಾ 60-80ರಲ್ಲಿ ನಿಲ್ಲುವಂತೆ ಟಿಎಲ್‌ಪಿ ಎಂಬ ತಂತ್ರಾಂಶದಲ್ಲಿ ಮಿತಿ ಹಾಕಿ. ಆ ಸೌಲಭ್ಯ ಥಿಂಕ್‌ಪ್ಯಾಡ್‌ಗಳಲ್ಲಿ ಚೆನ್ನಾಗಿ ನಡೆಯುತ್ತದೆ. ಈಗಾಗಲೇ ಉಬ್ಬಿದ ಬ್ಯಾಟರಿಯನ್ನು ಯಾವ ಕಾರಣಕ್ಕೂ ಶಾಲೆಗೆ ಒಯ್ಯಬೇಡಿ. ಮೆಮೊರಿ ಕಾರ್ಡಿನಿಂದ ಓಡುವ ಪುಟ್ಟ ಬೋರ್ಡುಗಳು ಚೆಂದ, ಆದರೆ ಕರೆಂಟ್ ಹೋಗಿ ಬಂದು ಮಾಡಿದಾಗ ಕಾರ್ಡಿನ ಕಡತ ವ್ಯವಸ್ಥೆ ಹಾಳಾಗುವುದು ಹೆಚ್ಚು. ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಸಣ್ಣದೊಂದು ಎಸ್‌ಎಸ್‌ಡಿ ಹಾಕಿ. 4 ಜಿಬಿ ರಾಮ್ ಸಾಕು. ಡೆಬಿಯನ್ 13ರಿಂದ 32 ಬಿಟ್ ಯಂತ್ರಗಳಿಗೆ ಇನ್‌ಸ್ಟಾಲರ್ ನಿಂತಿದೆ, ಹಾಗಾಗಿ 64 ಬಿಟ್ ಪ್ರೊಸೆಸರ್ ಇರುವುದನ್ನೇ ಆರಿಸಿ. ಬಿಡಿಭಾಗ ಬೇಕಾದರೆ ಬೆಂಗಳೂರಿನಲ್ಲಿರುವವರಿಗೆ ಎಸ್‌ಪಿ ರೋಡ್ ಇದೆ. ಹೈದರಾಬಾದಿನವರಿಗೆ ಸಿಕಂದರಾಬಾದಿನ ಪಾರ್ಕ್‌ಲೇನ್‌ನಲ್ಲಿ ಸಿಟಿಸಿ ಇದೆ, ನಮ್ಮ ಕಡೆಯವರಿಗೆ ಬೆಂಗಳೂರಿಗಿಂತ ಅದೇ ಹತ್ತಿರ. ಎರಡೂ ಕಡೆ ಅಂಗಡಿಯವರೊಂದಿಗೆ ನಿಂತು ಮಾತಾಡಿ. ಯಾವ ಮಾದರಿಯ ಫ್ಯಾನು ಯಾವುದಕ್ಕೆ ಕೂರುತ್ತದೆ ಎಂಬುದು ಯಾವ ಕೈಪಿಡಿಯಲ್ಲೂ ಇಲ್ಲದಷ್ಟು ಅವರಿಗೆ ಗೊತ್ತು.

ಮೇ ತಿಂಗಳಲ್ಲಿ ನಮ್ಮ ಕಡೆ ನೆರಳಲ್ಲೇ 42-43 ಡಿಗ್ರಿ. ತಗಡಿನ ಸೂರಿನ ಕೆಳಗೆ ಯಂತ್ರ ಇಡಬೇಡಿ. ನಮ್ಮ ಹಳೆಯ ಮಣ್ಣಿನ ಮಾಳಿಗೆ ಮನೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ, ದಪ್ಪ ಗೋಡೆ ಹಗಲಿನ ಕಾವನ್ನು ಒಳಗೆ ಬಿಡುವುದಿಲ್ಲ. ಬೇಸಿಗೆಗೆ ಮುಂಚೆ ಥರ್ಮಲ್ ಪೇಸ್ಟ್ ಬದಲಿಸಿ, ಫ್ಯಾನಿನ ಎರಿ ಮಣ್ಣಿನ ಧೂಳು ತೆಗೆಯಿರಿ. ಹತ್ತಿ ಬಿಡಿಸುವ ಕಾಲದಲ್ಲಿ ಎಳೆಗಳು ಫ್ಯಾನಿಗೆ ಸುತ್ತಿಕೊಳ್ಳುತ್ತವೆ, ಆಗ ಇನ್ನೊಮ್ಮೆ.

ನಗರದಿಂದಲೇ ಆ ಯಂತ್ರವನ್ನು ನೋಡಿಕೊಳ್ಳಬಹುದು. ಊರಿನ ಮೊಬೈಲ್ ಸಂಪರ್ಕದಲ್ಲಿ 100.64ರಿಂದ 100.127ರೊಳಗಿನ ವಿಳಾಸ ಕಂಡರೆ ಕಂಪನಿಯ ನ್ಯಾಟ್ ಹಿಂದೆ ಇದ್ದೀರಿ ಎಂದರ್ಥ, ಹೊರಗಿನಿಂದ ಬಾಗಿಲು ತಟ್ಟಲಾಗದು. ಒಳಗಿನಿಂದಲೇ ಹೊರಗೆ ಸುರಂಗ ತೆಗೆಯಬೇಕು. 2020ರ ಮಾರ್ಚಿನಲ್ಲಿ ಲಿನಕ್ಸ್ ಕರ್ನಲ್ 5.6ರ ಜೊತೆಗೇ ಬಂದ ವೈರ್‌ಗಾರ್ಡ್ ಇದಕ್ಕೆ ಸಾಕು. 25 ಸೆಕೆಂಡಿಗೊಮ್ಮೆ ಒಂದು ಸಣ್ಣ ಪ್ಯಾಕೆಟ್ ಕಳಿಸುವಂತೆ ಹೇಳಿಟ್ಟರೆ ಸುರಂಗ ತೆರೆದೇ ಇರುತ್ತದೆ. ಐಪಿವಿ6 ಸಿಗುವ ಕಡೆ ಇನ್ನೂ ಸುಲಭ. ಆದರೆ ಒಂದು ಬಿನ್ನಹ ಇದೆ. ಯಂತ್ರ ನಿಂತಾಗಲೆಲ್ಲ ಬೆಂಗಳೂರಿನಿಂದ ನೀವೇ ಸರಿಮಾಡಿಬಿಡಬೇಡಿ. ಫೋನ್ ಮಾಡಿ, ಅಲ್ಲಿರುವ ಹುಡುಗನಿಗೋ ಹುಡುಗಿಗೋ "ಲಾಗ್ ಏನ್ ಹೇಳಕತ್ತೈತಿ ಓದು ನೋಡೂಣು" ಎನ್ನಿ. ಹತ್ತು ನಿಮಿಷದ ಕೆಲಸಕ್ಕೆ ಎರಡು ಗಂಟೆ ಹಿಡಿಯಲಿ. ರಾತ್ರಿ ಪಾಳಿಯಲ್ಲಿ ಯಾರದೋ ಸರ್ವರಿಗೆ ಕೊಡುವ ತಾಳ್ಮೆಯಲ್ಲಿ ಸ್ವಲ್ಪವನ್ನು ಈ ಎರಡು ಗಂಟೆಗೆ ಎತ್ತಿಡಿ.

ಮಾಡಿದ್ದನ್ನೆಲ್ಲ ಬರೆದಿಡಿ, ಕನ್ನಡದಲ್ಲಿ. ರಾಯಚೂರು ಕೋಟೆಯಲ್ಲಿ 41 ಅಡಿ ಉದ್ದದ ಕಲ್ಲು ನೋಡಿದ್ದೀರಲ್ಲ. 1294ರಲ್ಲಿ, ಕಾಕತೀಯರ ಕಾಲದಲ್ಲಿ ಕೋಟೆ ಕಟ್ಟಿದ ಸಂಗತಿ ಅದರಲ್ಲಿ ಇದೆ. ಅಲ್ಲೇ ಗೋಡೆಯ ಮೇಲೆ ಅಷ್ಟು ದೊಡ್ಡ ಕಲ್ಲನ್ನು ಬಂಡಿಗೆ ಹೇರಿ, ಕೋಣಗಳ ಸಾಲು ಕಟ್ಟಿ, ಹಿಂದಿನಿಂದ ಜನ ಸನ್ನೆಗೋಲು ಹಾಕಿ ಮೀಟುತ್ತಾ ತಂದ ಚಿತ್ರವನ್ನೂ ಕೊರೆದಿದ್ದಾರೆ. ಕಟ್ಟಿದ್ದನ್ನು ಹೇಳಿ ಸುಮ್ಮನಾಗದೆ ಹೇಗೆ ತಂದೆವೆಂದು ತೋರಿಸಿದ ಆ ಕಲ್ಲುಕುಟಿಗರ ಮೇಲೆ ನನಗೆ ತುಂಬಾ ಗೌರವ. ನಿಮ್ಮ ಸರ್ವರಿನ ಪಕ್ಕದಲ್ಲೂ ನೂರು ಪುಟದ ಒಂದು ನೋಟ್‌ಬುಕ್ ಇರಲಿ. ಯಾವ ಆಜ್ಞೆ ಕೊಟ್ಟೆವು, ಯಾಕೆ ಕೊಟ್ಟೆವು, ಯಾವಾಗ ಕೆಟ್ಟಿತು, ಯಾರು ಸರಿಮಾಡಿದರು. ನೀವು ಮುಂದೆ ಯಾವ ದೇಶಕ್ಕೆ ಹೋಗುತ್ತೀರೋ, ಪುಸ್ತಕ ಊರಲ್ಲೇ ಇರುತ್ತದೆ.

ಕೆಲವು ಸಣ್ಣ ಸಂಗತಿಗಳು. ಕಂಪನಿಯ ಲ್ಯಾಪ್‌ಟಾಪ್ ತರಬೇಡಿ, ನಿಮ್ಮ ಹೆಸರಿನಲ್ಲಿ ಇರುವುದನ್ನೇ ತನ್ನಿ. ಡಿಸ್ಕನ್ನು ಪೂರ್ತಿ ಅಳಿಸಿಯೇ ತನ್ನಿ. ಶಾಲೆಯಲ್ಲಿ ಇಡುವುದಾದರೆ ಮುಖ್ಯೋಪಾಧ್ಯಾಯರಿಗೂ ಎಸ್‌ಡಿಎಂಸಿಯವರಿಗೂ ಮೊದಲೇ ತಿಳಿಸಿ, ಒಂದು ಅರ್ಜಿ ಬರೆದುಕೊಡಿ. ಅರಿವು ಕೇಂದ್ರದಲ್ಲಾದರೆ ಮೇಲ್ವಿಚಾರಕರನ್ನೇ ಮೊದಲ ವಿದ್ಯಾರ್ಥಿ ಮಾಡಿಕೊಳ್ಳಿ, ಬಾಗಿಲ ಕೀಲಿ ಅವರ ಹತ್ತಿರ ಇರುತ್ತದೆ. ಕಲಿಸುವ ಹೊತ್ತು ಸಂಜೆ ಐದರೊಳಗೆ ಇರಲಿ. ಕತ್ತಲಾದ ಮೇಲೆ ಇಟ್ಟರೆ ಹುಡುಗಿಯರು ಬರುವುದಿಲ್ಲ, ಕಳಿಸುವುದೂ ಇಲ್ಲ.

ಡೆಬಿಯನ್, ಕಿವಿಕ್ಸ್, ಕನ್ನಡ ಫಾಂಟುಗಳು, ದನಿಮುದ್ರಣ ಇಡುವ ಪುಟ್ಟ ತಂತ್ರಾಂಶ ಎಲ್ಲ ಸೇರಿಸಿದ ಒಂದು ಪೆನ್‌ಡ್ರೈವನ್ನು ನಾನು ಸಿದ್ಧಮಾಡಿ ಇಟ್ಟಿದ್ದೇನೆ. ಯುಗಾದಿಯ ವಾರ ಅರಕೇರಾದಲ್ಲೇ ಇರುತ್ತೇನೆ. ದೇವದುರ್ಗ, ಸಿರವಾರ, ಮಾನ್ವಿ ಯಾವುದಾದರೂ ಸರಿ, ಹೇಳಿದರೆ ಬೆಳಗಿನ ಬಸ್ಸಿಗೆ ಬರುತ್ತೇನೆ. ಚಾರ್ಜರ್ ಮಾತ್ರ ಮರೆಯದೆ ತನ್ನಿ. ಹಳೆಯ ಮಾದರಿಗೆ ಸರಿಹೊಂದುವ ಪಿನ್ ಊರಲ್ಲಿ ಹುಡುಕುತ್ತಾ ಹೋದರೆ ಇರುವ ನಾಲ್ಕು ದಿನದ ರಜೆಯಲ್ಲಿ ಒಂದು ದಿನ ಅದಕ್ಕೇ ಹೋಗುತ್ತದೆ.

ಇಂತಿ ನಿಮ್ಮವ,
ಅರಕೇರಾದವನೊಬ್ಬ